ಮೂವತ್ತು ಬೇಡ, ಮೂರು ಕಳಿಸಿ

ನಮಸ್ಕಾರ.

ನೀವು ಕಳಿಸಿದ ‘ದಿನಕ್ಕೊಬ್ಬ ಸಂತ’ ಬರಹಗಳು ತಲುಪಿವೆ. ಮೂವತ್ತು ದಿನಕ್ಕೆ ಮೂವತ್ತು ಕಥೋಲಿಕ ಸಂತರು, ಒಬ್ಬೊಬ್ಬರಿಗೆ ಒಂದೊಂದು ಪುಟ. ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ಓದಿಕೊಂಡರೆ ದಿನವೆಲ್ಲ ಮನಸ್ಸಿಗೆ ಬಲ ಬರಲಿ ಅಂತ ನಿಮ್ಮ ಆಸೆ. ಮೂವತ್ತನ್ನೂ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಕಾರಣ ಹೇಳದೆ ವಾಪಸ್ ಕಳಿಸಲು ಮನಸ್ಸಾಗಲಿಲ್ಲ, ಅದಕ್ಕೇ ಈ ಪತ್ರ.

ಮೊದಲು ಸಣ್ಣ ವಿಷಯ. ಚಿಕ್ಕ ತೆರೇಸಾ ಸ್ಪೇನಿನಲ್ಲಿ ಊರೂರು ಸುತ್ತಿ ಮಠಗಳನ್ನು ಕಟ್ಟಿದರು ಎಂದು ಬರೆದಿದ್ದೀರಿ. ಕಟ್ಟಿದವರು ಆವಿಲಾದ ತೆರೇಸಾ, 16ನೇ ಶತಮಾನದವರು. ಚಿಕ್ಕ ತೆರೇಸಾ ಫ್ರಾನ್ಸಿನವರು. 1888ರಲ್ಲಿ, 15ನೇ ವಯಸ್ಸಿಗೆ, ಲಿಸಿಯೋ ಊರಿನ ಕಾರ್ಮೆಲ್ ಸನ್ಯಾಸಿನಿಯರ ಮಠ ಸೇರಿದರು. 1897ರಲ್ಲಿ ಕ್ಷಯದಿಂದ ಅಲ್ಲೇ ತೀರಿಕೊಂಡಾಗ ಅವರಿಗೆ 24 ವರ್ಷ. ಹಾಗೆಯೇ, ಕಳೆದ ವಸ್ತು ಸಿಗಲಿ ಅಂತ ಜನ ಬೇಡಿಕೊಳ್ಳುವ ಪಾದುವಾದ ಸಂತ ಅಂತೋಣಿ ಹುಟ್ಟಿದ್ದು ಪಾದುವಾದಲ್ಲಿ ಅಲ್ಲ, ಲಿಸ್ಬನ್ನಿನಲ್ಲಿ. ಇವನ್ನೆಲ್ಲ ಅರ್ಧ ದಿನ ಕೂತರೆ ತಿದ್ದಬಹುದು.

ದೊಡ್ಡ ತೊಂದರೆ ಬೇರೆ ಇದೆ. ನಿಮ್ಮ ಏಳನೇ ದಿನದ ಪುಟದಲ್ಲಿ ಹೆಸರು ಮುಚ್ಚಿ, ಭಾನುವಾರದ ಪೂಜೆ ಒಂದನ್ನೂ ತಪ್ಪಿಸದ ನಮ್ಮ ಸಹೋದ್ಯೋಗಿಯೊಬ್ಬರಿಗೆ ಓದಲು ಕೊಟ್ಟೆ. ಯಾರಿದು ಅಂತ ಕೇಳಿದೆ. ಮೂವರ ಹೆಸರು ಹೇಳಿದರು, ಮೂರೂ ತಪ್ಪು. ಅವರದೇನೂ ತಪ್ಪಿಲ್ಲ. ‘ಬಾಲ್ಯದಿಂದಲೇ ದೈವಭಕ್ತರು’, ‘ಬಡವರ ಬಗ್ಗೆ ಅಪಾರ ಕರುಣೆ’, ‘ಕಷ್ಟಗಳನ್ನು ನಗುನಗುತ್ತಾ ಸಹಿಸಿದರು’. ಇದು ಯಾರು ಬೇಕಾದರೂ ಆಗಬಹುದು, ಅಲ್ವಾ? ಮೂವತ್ತೂ ಪುಟದಲ್ಲಿ ಇರುವುದು ಒಬ್ಬರೇ ಸಂತರು, ದಿನಕ್ಕೊಂದು ಹೆಸರು ಇಟ್ಟುಕೊಂಡು ಬರುತ್ತಾರೆ.

ಚಿಕ್ಕ ತೆರೇಸಾ ಅವರನ್ನೇ ತೆಗೆದುಕೊಳ್ಳಿ. ಅವರ ತಾಳ್ಮೆಯನ್ನು ನೀವು ಐದು ಸಾಲು ಹೊಗಳಿದ್ದೀರಿ. ತಾಳ್ಮೆ ಅಂದರೆ ಏನಾಗಿತ್ತು ಅನ್ನುವುದನ್ನು ಅವರೇ ಬರೆದಿಟ್ಟಿದ್ದಾರೆ, ಸಾಯುವ ಕೆಲವೇ ತಿಂಗಳ ಮುಂಚೆ. ಕೈಯಲ್ಲಿ ಶಕ್ತಿ ಇಲ್ಲದೆ ಕೊನೆಯ ಪುಟಗಳನ್ನು ಪೆನ್ಸಿಲ್ಲಿನಲ್ಲಿ ಬರೆದರು. ಸಂಜೆಯ ಧ್ಯಾನದ ಹೊತ್ತಿನಲ್ಲಿ ಹಿಂದೆ ಕೂತ ಸಿಸ್ಟರ್ ಒಬ್ಬರು ಬಾಯಲ್ಲೋ ಹಲ್ಲಲ್ಲೋ ಏನೋ ಕಿರಿಕಿರಿ ಸದ್ದು ಮಾಡುತ್ತಿದ್ದರಂತೆ. ತಿರುಗಿ ಒಂದು ಸಲ ದುರುಗುಟ್ಟಿ ನೋಡಬೇಕು ಅಂತ ತೆರೇಸಾಗೆ ಆಸೆ. ನೋಡಲಿಲ್ಲ. ತಡೆದುಕೊಂಡು ತಡೆದುಕೊಂಡು ಮೈ ಬೆವೆತುಹೋಯಿತು. ಕೊನೆಗೆ ಆ ಸದ್ದನ್ನೇ ಸಂಗೀತ ಅಂದುಕೊಂಡು ಗಮನವಿಟ್ಟು ಕೇಳತೊಡಗಿದರು. ಇನ್ನೊಂದು ಸಲ ಬಟ್ಟೆ ಒಗೆಯುವಾಗ ಎದುರಿಗಿದ್ದವರು ಕರ್ಚೀಫು ಎತ್ತಿ ಹಾಕಿದಾಗಲೆಲ್ಲ ಕೊಳೆನೀರು ಮುಖಕ್ಕೇ ಹಾರುತ್ತಿತ್ತು. ಹಿಂದೆ ಸರಿದು, ಅವರಿಗೆ ಕಾಣುವ ಹಾಗೆ ಮುಖ ಒರೆಸಿಕೊಳ್ಳಬೇಕು ಅಂತ ಮೊದಲು ಅನ್ನಿಸಿತಂತೆ.

ನನಗೆ ಇಷ್ಟವಾಗುವುದು ಆ ‘ಅವರಿಗೆ ಕಾಣುವ ಹಾಗೆ’. ನಾವೂ ಅದನ್ನೇ ಮಾಡುವವರು. ಬಸ್ಸಿನಲ್ಲಿ ಪಕ್ಕದವರು ಫೋನಿನಲ್ಲಿ ಜೋರಾಗಿ ವಿಡಿಯೋ ಹಾಕಿದರೆ ಅವರಿಗೆ ಕೇಳಲಿ ಅಂತಲೇ ನಿಟ್ಟುಸಿರು ಬಿಡುವುದಿಲ್ಲವಾ? ಓದುಗರಿಗೆ ಬೆಳಿಗ್ಗೆ ಏಳೂವರೆಗೆ ಬೇಕಾದ ತೆರೇಸಾ ಇವರು, ಬೆವೆತುಹೋದ ತೆರೇಸಾ. ಧ್ಯಾನಕ್ಕೆ ಕೂತು ನಿದ್ದೆ ಹೋಗುತ್ತಿದ್ದೆ ಅಂತಲೂ ಅವರೇ ಒಪ್ಪಿಕೊಂಡಿದ್ದಾರೆ. ಮಕ್ಕಳು ಎದ್ದಿದ್ದರೂ ಮಲಗಿದ್ದರೂ ಅಪ್ಪ ಅಮ್ಮನಿಗೆ ಪ್ರೀತಿ ಒಂದೇ ಅಂತ ಸಮಾಧಾನವನ್ನೂ ಹೇಳಿಕೊಂಡಿದ್ದಾರೆ. ನೀವು ಇದನ್ನೆಲ್ಲ ಬಿಟ್ಟು ಗುಲಾಬಿ ಹೂವು ಹಿಡಿದ ಚಿತ್ರವನ್ನು ಮಾತ್ರ ಕೊಟ್ಟಿದ್ದೀರಿ.

ಕನ್ನಡದಲ್ಲಿ ಬರೆಯುವಾಗ ಜೋಸೆಫ್ ವಾಜ್ ಅವರನ್ನು ಬಿಟ್ಟಿದ್ದು ಯಾಕೋ ತಿಳಿಯಲಿಲ್ಲ. ಗೋವಾದ ಈ ಪಾದ್ರಿ 1681ರಿಂದ ಮೂರು ವರ್ಷ ನಮ್ಮ ಕರಾವಳಿಯಲ್ಲಿ ಓಡಾಡಿದವರು. ಮಂಗಳೂರಿನ ಹತ್ತಿರದ ಮುಡಿಪಿಗೆ ಜನ ಇವತ್ತಿಗೂ ಅವರ ಹೆಸರಿನಲ್ಲಿ ಹೋಗುತ್ತಾರೆ. ಆಮೇಲೆ 1687ರಲ್ಲಿ, ಡಚ್ಚರು ಕಥೋಲಿಕ ಗುರುಗಳನ್ನು ನಿಷೇಧಿಸಿದ್ದ ಶ್ರೀಲಂಕಾಕ್ಕೆ ಕೂಲಿಯವನ ವೇಷದಲ್ಲಿ ಹೋದರು. ಅಲ್ಲಿನ ಕ್ಯಾಂಡಿಯಲ್ಲಿ ಗೂಢಚಾರ ಅಂತ ಅವರನ್ನು ಜೈಲಿಗೂ ಹಾಕಿದರು. ಮುಂದೆ ಅದೇ ಊರಿಗೆ ಸಿಡುಬು ಬಂದಾಗ ರೋಗಿಗಳ ಆರೈಕೆಗೆ ನಿಂತರು. ಇಲ್ಲಿ ಒಂದು ವಿಶೇಷಣವೂ ಬೇಕಿಲ್ಲ, ನೋಡಿ.

ಐತಿಹ್ಯವನ್ನು ಐತಿಹ್ಯ ಅಂತಲೇ ಹೇಳಿ. ಕಾರ್ಕಳದ ಅತ್ತೂರಿಗೆ ಸಾವಿರಾರು ಜನ ಹೋಗುವುದು ಸಂತ ಲಾರೆನ್ಸರ ಹೆಸರಿನಲ್ಲಿ. ರೋಮಿನಲ್ಲಿ 258ರಲ್ಲಿ ಅವರನ್ನು ಕೊಂದದ್ದು ಇತಿಹಾಸ. ಕಾದ ಕಬ್ಬಿಣದ ಮೇಲೆ ಮಲಗಿ ‘ಈ ಬದಿ ಬೆಂದಿದೆ, ತಿರುಗಿಸಿ’ ಅಂದರು ಎಂಬುದು ಜನ ಹೇಳಿಕೊಂಡು ಬಂದ ಕಥೆ. ‘ಅನ್ನುತ್ತಾರೆ’ ಎಂದು ಸೇರಿಸಿದರೆ ಭಕ್ತಿಗೇನೂ ಕಮ್ಮಿಯಾಗುವುದಿಲ್ಲ.

ಇನ್ನು ಪ್ರತಿ ಪುಟದ ಕೊನೆಯ ‘ನಾವೂ ಇವರಂತೆ ಬಾಳೋಣ’. ಮೂವತ್ತು ಸಲ ಇದೆ. ಮೂವತ್ತನ್ನೂ ಹೊಡೆದು ಹಾಕಿ.

ಸುಮ್ನೆ ಬೈಯುತ್ತಿದ್ದೇನೆ ಅಂದುಕೊಳ್ಳಬೇಡಿ. ಹನ್ನೊಂದನೇ ದಿನದ ಪುಟದ ಮಧ್ಯೆ ಒಂದು ಸಾಲಿದೆ: ನಿಮ್ಮ ಅಜ್ಜಿ ಹಾಲಿನ ಲೆಕ್ಕದ ಚೀಟಿ ಕಳೆದುಹೋದಾಗಲೂ ಸಂತ ಅಂತೋಣಿಗೆ ಮೊಂಬತ್ತಿ ಹರಕೆ ಹೊರುತ್ತಿದ್ದರು ಅಂತ. ಅದನ್ನು ಓದಿ ನಾನು ಪೆನ್ನು ಕೆಳಗಿಟ್ಟೆ. ಅಲ್ಲಿಂದ ಶುರು ಮಾಡಿ. ಮೂವರನ್ನು ಮಾತ್ರ ಆರಿಸಿಕೊಳ್ಳಿ, ಮುಂದಿನ ತಿಂಗಳು ಕಳಿಸಿ. ಚೀಟಿ ಆಮೇಲೆ ಸಿಕ್ಕಿತಾ ಇಲ್ಲವಾ ಅನ್ನುವುದನ್ನೂ ಬರೆಯಿರಿ. ಈಗಿನ ಪುಟದಲ್ಲಿ ಅದಿಲ್ಲ.