ಜಿಪಿಎಸ್ ಹೇಳುವ ವೇಗ, ನೀರು ಕಾಣುವ ವೇಗ

ಪ್ರಶ್ನೆ: ಹೊಳೆಯಲ್ಲಿ ಕಯಾಕ್ ನಡೆಸುವಾಗ ಮೊಬೈಲಿನ ಜಿಪಿಎಸ್ ಹೋಗುವಾಗ ಗಂಟೆಗೆ 8 ಕಿ.ಮೀ., ಬರುವಾಗ 5.6 ಕಿ.ಮೀ. ತೋರಿಸುತ್ತದೆ. ಎರಡೂ ಸಲ ಹುಟ್ಟು ಹಾಕಿದ್ದು ಒಂದೇ ಜೋರಿನಲ್ಲಿ. ನೀರಿನಲ್ಲಿ ದೋಣಿಯ ವೇಗ ಎಷ್ಟು?

ಉತ್ತರ: ಗಂಟೆಗೆ 6.8 ಕಿ.ಮೀ. ಜಿಪಿಎಸ್ ಅಳೆಯುವುದು ನೆಲದ ಮೇಲಿನ ವೇಗವನ್ನು. ಹೊಳೆಯ ಸೆಳೆತವೂ ಅದರಲ್ಲಿ ಸೇರಿರುತ್ತದೆ. ಎರಡೂ ಅಂಕಿಗಳನ್ನು ಕೂಡಿ ಅರ್ಧ ಮಾಡಿದರೆ ಸೆಳೆತ ವಜಾ ಆಗಿ ದೋಣಿಯದಷ್ಟೇ ಉಳಿಯುತ್ತದೆ. ವ್ಯತ್ಯಾಸದ ಅರ್ಧ, ಅಂದರೆ 1.2 ಕಿ.ಮೀ., ಸೆಳೆತದ ಪಾಲು.

ಬಹಳ ಜನ ಎಡವುವುದು ಲೆಕ್ಕದಲ್ಲಿ. ಹೋಗಿ ಬಂದ ಒಟ್ಟು ದೂರವನ್ನು ಒಟ್ಟು ಸಮಯದಿಂದ ಭಾಗಿಸಿದರೆ 6.6 ಬರುತ್ತದೆ. ಸೆಳೆತಕ್ಕೆ ಎದುರಾಗಿ ಕಳೆದ ಹೊತ್ತೇ ಹೆಚ್ಚಾದ್ದರಿಂದ ನಿಧಾನದ ವೇಗಕ್ಕೆ ತೂಕ ಜಾಸ್ತಿ ಬೀಳುತ್ತದೆ. ಇನ್ನೊಂದು ತಪ್ಪು ಅಭ್ಯಾಸಬಲದ್ದು: ಇಳಿಯುವಾಗ ನಡುಹೊಳೆ, ಏರುವಾಗ ದಡದ ಬದಿ. ದಡದಲ್ಲಿ ಸೆಳೆತ ಕಡಿಮೆ, ಹಾಗಾಗಿ ಸರಾಸರಿ ಕೆಡುತ್ತದೆ. ಎರಡೂ ಸಲ ಒಂದೇ ಗೆರೆಯಲ್ಲಿ ಸಾಗಿ. ಉಬ್ಬರವಿಳಿತ ಇರುವ ಕಡೆ ಸೆಳೆತವೇ ಬದಲಾಗುತ್ತಿರುತ್ತದೆ. ಅಲ್ಲಿ ಸಮಾನ ಅಂತರದ ಸಮಯದಲ್ಲಿ ಹೋಗಿ, ಬಂದು, ಮತ್ತೆ ಹೋಗಿ ಮೂರು ಓಟ ಮಾಡಿ, ಮೂರರ ವೇಗವನ್ನೂ ಕೂಡುವಾಗ ನಡುವಿನದನ್ನು ಎರಡು ಸಲ ಕೂಡಿ, 4ರಿಂದ ಭಾಗಿಸಿ. ಗಾಳಿ ಜೋರಿದ್ದ ದಿನ ಮಾತ್ರ ಈ ಲೆಕ್ಕವನ್ನು ಪೂರ್ತಿ ನಂಬಬೇಡಿ: ಎದುರುಗಾಳಿ ಕಸಿದುಕೊಂಡಷ್ಟನ್ನು ಹಿಂಗಾಳಿ ವಾಪಸು ಕೊಡುವುದಿಲ್ಲ.

ಜಿಪಿಎಸ್ ಇಲ್ಲದೆಯೂ ಅಳೆಯಬಹುದು. ಮುಂತುದಿಯ ಬಳಿ ಎಲೆ ಹಾಕಿ ಹಿಂತುದಿ ದಾಟುವ ಸಮಯ ನೋಡುವುದು ಹಳೆಯ ಉಪಾಯ. ಆದರೆ 5 ಮೀಟರ್ ದೋಣಿ 6.8 ಕಿ.ಮೀ. ವೇಗದಲ್ಲಿ ಎಲೆಯನ್ನು ದಾಟಲು 2.6 ಸೆಕೆಂಡ್ ಸಾಕು. ಕಾಲು ಸೆಕೆಂಡ್ ತಪ್ಪಿದರೆ ಉತ್ತರ ಶೇ. 10ರಷ್ಟು ಆಚೀಚೆ. ಅದಕ್ಕಿಂತ, 20 ಮೀಟರ್ ದಾರದ ಎರಡು ತುದಿಗೂ ಒಂದೊಂದು ಬಾಟಲಿ ಕಟ್ಟಿ. ಕತ್ತಿನವರೆಗೆ ಮುಳುಗುವಷ್ಟು ನೀರು ತುಂಬಿಸಿ, ಇಲ್ಲವಾದರೆ ಗಾಳಿ ಎಳೆಯುತ್ತದೆ. ದಾರ ಪಾಲಿಪ್ರೊಪಿಲೀನ್‌ನದಿರಲಿ, ಅದು ತೇಲುತ್ತದೆ, ನೈಲಾನ್ ಮುಳುಗುತ್ತದೆ. ಬಾಟಲಿಗಳೂ ನೀರಿನ ಜೊತೆಯೇ ಹೋಗುವುದರಿಂದ ಸೆಳೆತದ ಚಿಂತೆಯಿಲ್ಲ.

ದಾರವನ್ನು ಬಿಗಿಯಾಗಿ ಹರಡಿದ ಮೇಲೆ 30 ಮೀಟರ್ ಹಿಂದಿನಿಂದಲೇ ಒಂದೇ ಲಯದಲ್ಲಿ ಹುಟ್ಟು ಹಾಕುತ್ತ ಬನ್ನಿ. ಹುಟ್ಟಿಗೆ ಸಿಗದಂತೆ ದಾರ ಒಂದೆರಡು ಮೀಟರ್ ದೂರವಿರಲಿ. ಕೈ ಖಾಲಿ ಇರುವುದಿಲ್ಲವಲ್ಲ, ಮೊಬೈಲಿನಲ್ಲಿ ಧ್ವನಿಮುದ್ರಣ ಹಾಕಿಡಿ. ಬಾಟಲಿ ನಿಮ್ಮ ಸೊಂಟಕ್ಕೆ ಸಮವಾದಾಗ ‘ಈಗ’ ಎಂದು ಕೂಗಿ. ಎರಡು ‘ಈಗ’ಗಳ ಅಂತರ 10.6 ಸೆಕೆಂಡ್ ಬಂದರೆ 20 ÷ 10.6 × 3.6 = 6.8 ಕಿ.ಮೀ. ನಾಟ್‌ನಲ್ಲಿ (ಹಡಗಿನವರ ವೇಗದ ಅಳತೆ) ಬೇಕಾದರೆ 1.852ರಿಂದ ಭಾಗಿಸಿ. ದಾರ ಸಡಿಲಾಗಿ ಬಾಗಿದರೆ ಬಾಟಲಿಗಳು ಹತ್ತಿರ ಬಂದಿವೆ ಎಂದರ್ಥ. ಆ ಓಟವನ್ನು ಬಿಟ್ಟುಬಿಡಿ.

ಪ್ರಶ್ನೆ: ಅಯಸ್ಕಾಂತ ಅಂಟಿಸಿದ ಪುಟ್ಟ ಚಕ್ರವನ್ನು ದೋಣಿಯ ತಳಕ್ಕೆ ಕೂರಿಸಿ ಸೈಕಲ್ ಮೀಟರಿಗೆ ಜೋಡಿಸಿದ್ದೇನೆ. ಯಾವಾಗಲೂ ಕಡಿಮೆ ತೋರಿಸುತ್ತದೆ, ಏಕೆ?

ಉತ್ತರ: ತಳಕ್ಕೆ ಅಂಟಿದ ನೀರು ದೋಣಿಯ ಜೊತೆ ತಾನೂ ಸ್ವಲ್ಪ ಎಳೆದುಕೊಂಡು ಬರುತ್ತದೆ. ಮುಂತುದಿಯಿಂದ 2 ಮೀಟರ್ ಹಿಂದೆ ಈ ಪದರ ಸುಮಾರು 3 ಸೆಂ.ಮೀ. ದಪ್ಪ, ನಿಮ್ಮ ಚಕ್ರ ಅದರೊಳಗೇ ತಿರುಗುತ್ತಿದೆ. ಮುಂದಕ್ಕೆ ಸರಿಸಿದರೆ ಪದರ ತೆಳು, ಆದರೆ ಅಲೆಯಲ್ಲಿ ಮೂತಿ ಮೇಲೆದ್ದಾಗ ಚಕ್ರ ಗಾಳಿಯಲ್ಲಿ ಸುತ್ತಬಾರದು. ಚಕ್ರವನ್ನು ಅಲ್ಲೇ ಬಿಟ್ಟು ಮೀಟರ್ ತಿದ್ದುವುದೇ ಸುಲಭ. ಮೀಟರಿನಲ್ಲಿ ಚಕ್ರದ ಸುತ್ತಳತೆ 100 ಮಿ.ಮೀ. ಇದ್ದು, ನಿಜವಾದ 6.8ಕ್ಕೆ ಅದು 6.1 ತೋರಿಸಿದರೆ, ಹೊಸ ಸುತ್ತಳತೆ 100 × 6.8 ÷ 6.1, ಅಂದರೆ ಸುಮಾರು 111.

ನಿಧಾನದಲ್ಲೊಮ್ಮೆ, ಜೋರಿನಲ್ಲೊಮ್ಮೆ ತಾಳೆ ನೋಡಿ. ಜೋರಿನಲ್ಲಿ ಮಾತ್ರ ಅಂಕಿ ಕುಸಿದರೆ ತಪ್ಪು ಪದರದ್ದಲ್ಲ. 3 ಸೆಂ.ಮೀ. ವ್ಯಾಸದ ಚಕ್ರ ಸೆಕೆಂಡಿಗೆ 20 ಸುತ್ತಿನ ಹತ್ತಿರ ಹೋಗಬಲ್ಲದು. ಸೈಕಲ್ ಚಕ್ರ ಗಂಟೆಗೆ 40 ಕಿ.ಮೀ.ನಲ್ಲೂ ಸುತ್ತುವುದು ಐದಾರು ಸಲ. ಅಷ್ಟು ವೇಗದ ಎಣಿಕೆಯಲ್ಲಿ ಕೆಲವನ್ನು ಮೀಟರ್ ನುಂಗಿಹಾಕಬಹುದು. ದೊಡ್ಡ ಚಕ್ರ ಹಾಕಿ. ಅಂಕಿ ಇದ್ದಕ್ಕಿದ್ದಂತೆ ಬಿದ್ದರೆ ಮೊದಲು ನೋಡಬೇಕಾದ್ದು ಅಚ್ಚಿಗೆ ಸುತ್ತಿಕೊಂಡ ಪಾಚಿ.