ಮಗಳ ಸೈಕಲ್ಲಿಗೆ 500 ರೂಪಾಯಿಯೊಳಗೆ ದಸರಾ ದೀಪ

ಆಯುಧಪೂಜೆಯ ಸಂಜೆಗೆ ಮಗಳ ಸೈಕಲ್ಲಿಗೆ ಬ್ಯಾಟರಿ ಸೀರಿಯಲ್ ಸೆಟ್ ಕಟ್ಟಬೇಕು, ಖರ್ಚು 500 ರೂಪಾಯಿ ದಾಟಬಾರದು, ಚಕ್ರಕ್ಕೂ ದೀಪ ಬೇಕೆಂದು ಅವಳು ಹಟ ಹಿಡಿದಿದ್ದಾಳೆ ಅಂತ ಬರೆದಿದ್ದೀರಿ. ಖಂಡಿತ ಆಗುತ್ತದೆ. ನಾನು ಮೈಸೂರಿನವನು. ಮೂರು ದಸರಾದಿಂದ ನನ್ನ ಮಗನ 20 ಇಂಚಿನ ಸೈಕಲ್ಲಿಗೆ ಇದನ್ನೇ ಮಾಡುತ್ತಾ ಬಂದಿದ್ದೇನೆ. ನಾವು ಚಿಕ್ಕವರಿದ್ದಾಗ ಕಡ್ಡಿಗಳ ನಡುವೆ ಬಣ್ಣದ ಕಾಗದ ಸುತ್ತಿ, ಹ್ಯಾಂಡಲ್ಲಿಗೆ ಸೇವಂತಿಗೆ ಹಾರ ಹಾಕಿದರೆ ಮುಗಿಯಿತು. ಈಗಿನ ಮಕ್ಕಳಿಗೆ ಅದು ರಾತ್ರಿಯೂ ಕಾಣಬೇಕು. ಆಸೆ ತಪ್ಪೇನಲ್ಲ, ಅಲ್ವಾ?

ಸರ ಎಲ್ಲಿ ಕಟ್ಟಬೇಕು ಅನ್ನುವುದನ್ನು ಮೊದಲು ಹೇಳುತ್ತೇನೆ. ಎಷ್ಟು ಮೀಟರ್ ಕೊಳ್ಳಬೇಕು ಅನ್ನುವುದು ಅದರ ಮೇಲೇ ನಿಂತಿದೆ. ದಸರಾದಲ್ಲಿ ಅರಮನೆ ನೋಡಿದ್ದೀರಲ್ಲ? ಸುಮಾರು ಒಂದು ಲಕ್ಷ ಬಲ್ಬು ಇದ್ದರೂ ಗೋಡೆಯ ಮೇಲೆಲ್ಲ ಹರಡಿಲ್ಲ. ಕಮಾನು, ಗೋಪುರ, ಅಂಚು, ಎಲ್ಲೆಲ್ಲಿ ಗೆರೆ ಇದೆಯೋ ಅಲ್ಲಲ್ಲಿ ಸಾಲಾಗಿ ಕೂರಿಸಿದ್ದಾರೆ. ಅದಕ್ಕೇ ಕತ್ತಲಲ್ಲಿ ಇಡೀ ಅರಮನೆ ಬರೆದಿಟ್ಟ ಹಾಗೆ ಕಾಣುತ್ತದೆ. ಸೈಕಲ್ಲಿಗೂ ಹಾಗೇ ಮಾಡಿ. ಸಿಕ್ಕಸಿಕ್ಕಲ್ಲಿ ಸುತ್ತಿದರೆ 10 ಮೀಟರ್ ಸರವೂ ಸಾಲದು, ದೂರದಿಂದ ದೀಪದ ಗಂಟಿನ ಹಾಗೆ ಕಾಣುತ್ತದೆ. ಹ್ಯಾಂಡಲ್ ಕೆಳಗಿನಿಂದ ಬಾರ್ ಮೇಲೆ, ಅಲ್ಲಿಂದ ಸೀಟಿನ ಕೆಳಗೆ, ಆಮೇಲೆ ಹಿಂದಿನ ಮಡ್‌ಗಾರ್ಡ್ ಗುಂಟ ಒಂದೇ ಗೆರೆ ಎಳೆದರೆ 5 ಮೀಟರ್ ಸರದಲ್ಲಿ ಇನ್ನೂ ಸ್ವಲ್ಪ ಉಳಿಯುತ್ತದೆ. ಉಳಿದದ್ದನ್ನು ಮುಂದಿನ ಬುಟ್ಟಿಯ ಅಂಚಿಗೆ ಹಾಕಿ.

ಕೊಳ್ಳುವಾಗ ತೆಳು ತಾಮ್ರದ ತಂತಿಯಲ್ಲಿ ಸಣ್ಣ ಎಲ್‌ಇಡಿ ಪೋಣಿಸಿದ ಸರ ಕೇಳಿ. ಮೂರು ಪೆನ್ಸಿಲ್ ಸೆಲ್ ಹಾಕುವ ಡಬ್ಬಿ ಇರುವಂಥದ್ದು. 5 ಮೀಟರಿನದ್ದು ನನಗೆ 100 ರೂಪಾಯಿಗೆ ಸಿಕ್ಕಿತ್ತು. ಬೆಂಗಳೂರಿನಲ್ಲಿದ್ದರೆ ಎಸ್‌ಪಿ ರೋಡ್‌ನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಒಂದು ಸುತ್ತು ಹೊಡೆಯಿರಿ. ಅಂಗಡಿಯಲ್ಲೇ ಸೆಲ್ ಹಾಕಿಸಿ, ಉರಿಸಿ ನೋಡಿಯೇ ದುಡ್ಡು ಕೊಡಿ.

ಈ ತಂತಿಗೆ ಪ್ಲಾಸ್ಟಿಕ್ ಹೊದಿಕೆ ಇಲ್ಲ, ತೆಳುವಾದ ವಾರ್ನಿಶ್ ಲೇಪ ಮಾತ್ರ. ಚೂಪಾದ ಅಂಚಿಗೆ ಉಜ್ಜಿ ಲೇಪ ಕಿತ್ತುಹೋದರೆ, ಎರಡೂ ತಂತಿ ಸೈಕಲ್ಲಿನ ಕಬ್ಬಿಣಕ್ಕೆ ತಾಗಿ ಇಡೀ ಸರ ಆರಿಹೋಗಬಹುದು. ಮಡ್‌ಗಾರ್ಡ್ ಅಂಚಿಗೆ, ಸ್ಕ್ರೂ ಇರುವ ಕಡೆ ಮೊದಲು ಒಂದು ಸುತ್ತು ಇನ್ಸುಲೇಷನ್ ಟೇಪ್ ಹಾಕಿಬಿಡಿ. ಕಟ್ಟಲು ಎಳೆದು ಬಿಗಿ ಮಾಡುವ ಪ್ಲಾಸ್ಟಿಕ್ ಟ್ಯಾಗ್ (ಕೇಬಲ್ ಟೈ) ಸಾಕು, ಗೇಣಿಗೊಂದು. ತೀರಾ ಬಿಗಿ ಬೇಡ. ಅಂಟು ಟೇಪಿನಲ್ಲೇ ಎಲ್ಲ ಅಂಟಿಸಿದರೆ ತೆಗೆಯುವಾಗ ಸೈಕಲ್ಲಿನ ಸ್ಟಿಕ್ಕರ್ ಕೂಡ ಕಿತ್ತುಕೊಂಡು ಬರುತ್ತದೆ.

ಇನ್ನೊಂದು ಜಾಗ ಹ್ಯಾಂಡಲ್ಲಿನ ಬುಡ. ಅಲ್ಲಿ ತಂತಿ ಸ್ವಲ್ಪ ಸಡಿಲ ಬಿಡಿ. ಮೊದಲ ವರ್ಷ ನಾನು ನೀಟಾಗಿ ಕಾಣಲಿ ಅಂತ ಎಳೆದು ಕಟ್ಟಿದ್ದೆ. ಮಗ ಗೇಟಿನ ಹತ್ತಿರ ಹ್ಯಾಂಡಲ್ ಪೂರ್ತಿ ತಿರುಗಿಸಿದ, ತಂತಿ ತುಂಡಾಯಿತು. ಅಲ್ಲಿಂದ ಮುಂದಿನ ದೀಪಗಳೆಲ್ಲ ಹೋದವು. ಅವನ ಮುಖ ನೋಡಲಾಗಲಿಲ್ಲ. ಈಗ ಕಟ್ಟುವ ಮೊದಲೇ ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗಿಸಿ ಅಳತೆ ನೋಡಿಕೊಳ್ಳುತ್ತೇನೆ.

ಇನ್ನು ಚಕ್ರ. ಎಲ್ಲರೂ ಎಡವುವುದು ಇಲ್ಲೇ. ಫ್ರೇಮಿನಲ್ಲಿರುವ ಡಬ್ಬಿಯಿಂದ ಚಕ್ರಕ್ಕೆ ತಂತಿ ಎಳೆಯಲು ಆಗುವುದಿಲ್ಲ. ಚಕ್ರ ತಿರುಗಿದಂತೆ ತಂತಿ ಸುತ್ತಿಕೊಂಡು ಹರಿಯುತ್ತದೆ, ಮಗು ಬೀಳಲೂಬಹುದು. ಒಂದೊಂದು ಚಕ್ರಕ್ಕೂ ಅದರದೇ ಸರ, ಅದರದೇ ಡಬ್ಬಿ ಬೇಕು. ಇಲ್ಲಿ ಪೆನ್ಸಿಲ್ ಸೆಲ್ಲಿನ ಡಬ್ಬಿ ಭಾರವಾಗುತ್ತದೆ. ಎರಡು ಬಟನ್ ಸೆಲ್ ಹಾಕುವ ಪುಟ್ಟ ಡಬ್ಬಿಯ 2 ಮೀಟರ್ ಸರ ತೆಗೆದುಕೊಳ್ಳಿ. 20 ಇಂಚಿನ ಚಕ್ರದ ರಿಮ್ ಒಳಗೆ ಒಂದು ಸುತ್ತಿಗೆ ಸುಮಾರು ಒಂದೂಕಾಲು ಮೀಟರ್ ಬೇಕು, ನಡುವಿನ ಹಬ್‌ನಿಂದ ರಿಮ್‌ಗೆ ಇನ್ನೊಂದು ಗೇಣು. ಆರಾಮಾಗಿ ಸಾಕು. ದೊಡ್ಡವರ 26 ಇಂಚಿನ ಸೈಕಲ್ಲಿಗಾದರೆ 2 ಮೀಟರ್ ಕೊಂಚ ಕಡಿಮೆ ಬೀಳುತ್ತದೆ, 3 ಮೀಟರಿನದ್ದು ಕೇಳಿ.

ಡಬ್ಬಿಯನ್ನು ಹಬ್‌ಗೇ ಕಟ್ಟಿ, ಎರಡು ಸಾಲು ಕಡ್ಡಿಗಳ ನಡುವೆ ಒಳಗಡೆ. ರಿಮ್ ಹತ್ತಿರ ಕಟ್ಟಿದರೆ ಒಂದೇ ಕಡೆ ಭಾರವಾಗಿ ಚಕ್ರ ಕುಲುಕುತ್ತದೆ, ವೇಗ ಹೆಚ್ಚಿದಂತೆ ಡಬ್ಬಿಯನ್ನು ಹೊರಗೆಸೆಯುವ ಸೆಳೆತವೂ ಜಾಸ್ತಿ. ತಂತಿಯನ್ನು ಒಂದು ಕಡ್ಡಿಯ ಮೇಲೆ, ಇನ್ನೊಂದರ ಕೆಳಗೆ ಅಂತ ಬುಟ್ಟಿ ಹೆಣೆದ ಹಾಗೆ ಹೆಣೆಯುತ್ತಾ ಹೋಗಿ. ರಿಮ್‌ನಿಂದ ಒಂದು ಇಂಚು ಒಳಗೇ ಇರಲಿ, ಬ್ರೇಕ್ ರಬ್ಬರಿಗೆ ತಾಗಬಾರದು. ಅಜ್ಜನ ಕಾಲದ ರಾಡ್ ಬ್ರೇಕ್ ಸೈಕಲ್ಲಾದರೆ ಎರಡು ಇಂಚು ಬಿಡಿ, ಅದರ ರಬ್ಬರು ರಿಮ್‌ನ ಒಳಮೈಗೇ ಒತ್ತುತ್ತದೆ. ಸರದ ತುದಿಯನ್ನು ಸುಮ್ನೆ ನೇತಾಡಲು ಬಿಡದೆ ಕಡ್ಡಿಗೆ ಟ್ಯಾಗ್ ಹಾಕಿ, ಟ್ಯಾಗಿನ ಉಳಿದ ಬಾಲ ಕತ್ತರಿಸಿ. ಹಿಂದಿನ ಚಕ್ರದಲ್ಲಿ ಚೈನಿನ ಕಡೆ ಏನೂ ಹೊರಗೆ ಚಾಚಿರಬಾರದು. ಆಮೇಲೆ ಸೈಕಲ್ ಎತ್ತಿ ಹಿಡಿದು ಎರಡೂ ಚಕ್ರ ಜೋರಾಗಿ ತಿರುಗಿಸಿ, ಕಿವಿಗೊಟ್ಟು ಕೇಳಿ. ಟಕ್ ಟಕ್ ಅಂದರೆ ಎಲ್ಲೋ ತಾಗುತ್ತಿದೆ ಅಂತ. ಸದ್ದಿಲ್ಲದಿದ್ದರೆ ದೀಪ ಹಾಕಿ ನೋಡಿ. ಬಿಡಿಬಿಡಿ ದೀಪಗಳೆಲ್ಲ ಕೂಡಿ ಬೆಳಕಿನ ಬಳೆಯಾಗುತ್ತವೆ. ನಿಮ್ಮ ಮಗಳು ಹಟ ಹಿಡಿದದ್ದು ಸರಿಯೇ ಅಂತ ಆಗ ನಿಮಗೂ ಅನಿಸುತ್ತದೆ.

ದುಡ್ಡು ಉಳಿದರೆ ಇನ್ನೊಂದು ಸರ ಬೇಡ, ಒಳ್ಳೆಯ ಸೆಲ್ ಕೊಳ್ಳಿ. ಅಲ್ಕಲೈನ್ ಪೆನ್ಸಿಲ್ ಸೆಲ್ ಅಗ್ಗದ ಮಾಮೂಲಿ ಸೆಲ್ಲಿಗಿಂತ ಎರಡು ಪಟ್ಟಿಗೂ ಹೆಚ್ಚು ಹೊತ್ತು ಬಾಳುತ್ತದೆ. ಮನೆಯಲ್ಲಿ ರೀಚಾರ್ಜ್ ಸೆಲ್ ಇದ್ದರೆ ಅದನ್ನೇ ಹಾಕಿ. ಒಂದೊಂದೂ 1.5 ವೋಲ್ಟ್ ಬದಲು 1.2 ವೋಲ್ಟ್ ಕೊಡುತ್ತದೆ, ಬೆಳಕು ಒಂದು ಚೂರು ಕಡಿಮೆ ಅಷ್ಟೇ. ಬಟನ್ ಸೆಲ್ಲಿನಲ್ಲಿ ಮಾತ್ರ ಜಾಸ್ತಿ ನಿರೀಕ್ಷೆ ಬೇಡ. ಪೆನ್ಸಿಲ್ ಸೆಲ್ಲಿಗಿಂತ ಅದರಲ್ಲಿ ಶಕ್ತಿ ತುಂಬಾ ಕಡಿಮೆ. ಚಕ್ರದ ದೀಪವನ್ನು ಹೊರಡುವಾಗಲೇ ಹಾಕಿ, ಬಂದ ತಕ್ಷಣ ಆರಿಸಿ. ಪವರ್ ಬ್ಯಾಂಕಿಗೆ ಯುಎಸ್‌ಬಿ ಸರ ಹಾಕುವ ಯೋಚನೆ ನನಗೂ ಬಂದಿತ್ತು. ಆದರೆ ಇಷ್ಟು ಕಡಿಮೆ ಕರೆಂಟ್ ಎಳೆದರೆ ಎಷ್ಟೋ ಪವರ್ ಬ್ಯಾಂಕುಗಳು ಫೋನ್ ತೆಗೆದಿದ್ದಾರೆ ಅಂದುಕೊಂಡು ತಾವೇ ಆಫ್ ಆಗುತ್ತವೆ. ನಮ್ಮ ಮನೆಯದ್ದೂ ಹಾಗೇ ಮಾಡಿತು.

ನಮಗಾದ ಖರ್ಚು ಹೀಗೆ. ಫ್ರೇಮಿನ ಸರ 100, ಚಕ್ರದ ಎರಡು ಸರ 100, ಮೂರು ಅಲ್ಕಲೈನ್ ಸೆಲ್ 100, ಹೆಚ್ಚುವರಿ ನಾಲ್ಕು ಬಟನ್ ಸೆಲ್ 80, ಟ್ಯಾಗ್ ಮತ್ತು ಟೇಪ್ 50. ಒಟ್ಟು 430. ಊರಿಂದೂರಿಗೆ ಹತ್ತಿಪ್ಪತ್ತು ರೂಪಾಯಿ ಹೆಚ್ಚುಕಡಿಮೆ ಆಗಬಹುದು.

ಮನೆಯಲ್ಲಿ ಅವಳಿಗಿಂತ ಚಿಕ್ಕ ಮಗು ಇದ್ದರೆ ಇದನ್ನು ದಯವಿಟ್ಟು ಗಮನವಿಟ್ಟು ಓದಿ. ಬಟನ್ ಸೆಲ್ ನುಂಗಿದರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಟ್ಟುಹೋಗಬಹುದು. ಮುಚ್ಚಳಕ್ಕೆ ಸ್ಕ್ರೂ ಇರುವ ಡಬ್ಬಿಯನ್ನೇ ಕೊಳ್ಳಿ, ಮೇಲೆ ಟೇಪ್ ಸುತ್ತಿ, ಹಳೇ ಸೆಲ್ಲನ್ನು ಕೈಗೆ ಸಿಗುವಲ್ಲಿ ಇಡಬೇಡಿ. ನುಂಗಿರಬಹುದು ಅಂತ ಅನುಮಾನ ಬಂದರೂ ಸಾಕು, ಕಾಯದೆ ಆಸ್ಪತ್ರೆಗೆ ಓಡಿ.

ಹಿಂದಿನ ಕೆಂಪು ರಿಫ್ಲೆಕ್ಟರ್ ಮುಚ್ಚಿಹೋಗದಿರಲಿ. ಹ್ಯಾಂಡಲ್ ಮೇಲಿನ ದೀಪ ಅವಳ ಕಣ್ಣಿಗೆ ಹೊಡೆಯದಿರಲಿ, ಹೊಡೆದರೆ ಮುಂದಿನ ಹಳ್ಳ ಕಾಣುವುದಿಲ್ಲ. ಬುಟ್ಟಿಯ ಹೊರಮೈಗೆ ಕಟ್ಟಿದರೆ ಆ ತೊಂದರೆ ಇಲ್ಲ. ಓಡಿಸುವಾಗ ಮಿಣುಕುವ ಬಟನ್ ಒತ್ತದೆ ಒಂದೇ ಸಮ ಉರಿಯಲು ಬಿಡಿ. ದಸರಾ ಹೊತ್ತಿಗೆ ಮಳೆ ಹೇಳದೆ ಬರುತ್ತದೆ. ಸರಕ್ಕೆ ನಾಲ್ಕು ಹನಿ ಬಿದ್ದರೆ ಪರವಾಗಿಲ್ಲ, ಡಬ್ಬಿಗೆ ನೀರು ಹೋಗಬಾರದು. ಫ್ರೇಮಿನ ಸರದ ಡಬ್ಬಿಯನ್ನು ಸೀಟಿನ ಕೆಳಗೆ ಕಟ್ಟಿ, ಮೇಲೊಂದು ಪ್ಲಾಸ್ಟಿಕ್ ಕವರ್ ಹಾಕಿ, ಬಾಯಿ ಕೆಳಗಿರುವ ಹಾಗೆ.

ಪೂಜೆ ಮುಗಿದು, ಚಕ್ರದಡಿ ನಿಂಬೆಹಣ್ಣು ಇಟ್ಟು ಹೊರಡುವಾಗ ಮೊದಲ ಸುತ್ತು ನೀವೂ ಜೊತೆಗೆ ನಡೆಯಿರಿ. ಎಲ್ಲಾದರೂ ಸಡಿಲವಾದರೆ ಆಗಲೇ ಕಾಣುತ್ತದೆ. ವಿಜಯದಶಮಿ ಆದ ಮೇಲೆ ಮರೆಯದೆ ಸೆಲ್ ತೆಗೆದು, ಸರವನ್ನು ರಟ್ಟಿಗೆ ಸುತ್ತಿಡಿ. ಸೆಲ್ ಒಳಗೇ ಬಿಟ್ಟರೆ ಸೋರಿ ಡಬ್ಬಿ ಹಾಳಾಗುತ್ತದೆ. ತೆಗೆದಿಟ್ಟರೆ ದೀಪಾವಳಿಗೂ ಅದೇ ಸರ ಬರುತ್ತದೆ.