ಎಡ ಮೆದುಳಿನ ಹುಡುಗ ಮೃದಂಗ ಬಿಡಬೇಕಾ?

ನಮಸ್ಕಾರ ಮೇಡಂ,

ದಾವಣಗೆರೆಯಿಂದ ನೀವು ಬರೆದ ಪತ್ರ ಬಂತು. ಒಂಬತ್ತನೇ ಕ್ಲಾಸಿನ ಮಗನನ್ನು ಯಾವುದೋ ಸೆಂಟರಿಗೆ ಕರೆದುಕೊಂಡು ಹೋಗಿದ್ದೀರಿ. ಅವರು ಹತ್ತೂ ಬೆರಳಿನ ಗುರುತು ತೆಗೆದುಕೊಂಡು ಬಣ್ಣಬಣ್ಣದ ರಿಪೋರ್ಟ್ ಕೊಟ್ಟಿದ್ದಾರೆ. ಹುಡುಗ ‘ಎಡ ಮೆದುಳಿನವನು’, ತರ್ಕ ಜಾಸ್ತಿ, ಅಚ್ಚುಕಟ್ಟು, ಲೆಕ್ಕದಲ್ಲಿ ಚುರುಕು, ಆದರೆ ಕಲ್ಪನೆ ಕಡಿಮೆ, ಮೃದಂಗ ಬಿಡಿಸಿ ಈಗಿನಿಂದಲೇ ಕೋಚಿಂಗಿಗೆ ಹಾಕಿ ಅಂತ ಅದರಲ್ಲಿದೆಯಂತೆ. ಬಿಡಿಸಬೇಕಾ ಅಂತ ಕೇಳಿದ್ದೀರಿ. ಬೇಡ. ಖಂಡಿತ ಬೇಡ.

ನಿಮ್ಮ ಮಗ ಅಚ್ಚುಕಟ್ಟು ಅಲ್ಲ ಅಂತ ನಾನು ಹೇಳುತ್ತಿಲ್ಲ. ನೋಟ್‌ಬುಕ್ಕುಗಳನ್ನು ಅಳತೆ ನೋಡಿ ಜೋಡಿಸುತ್ತಾನೆ, ಹೇಳಿದ ಟೈಮಿಗೆ ಹೊರಡದಿದ್ದರೆ ಸಿಡಿಮಿಡಿ ಮಾಡುತ್ತಾನೆ ಅಂತ ನೀವೇ ಬರೆದಿದ್ದೀರಿ. ಅದು ಅವನ ಸ್ವಭಾವ, ಇರಲಿ. ಆ ಸ್ವಭಾವ ಮೆದುಳಿನ ಎಡಭಾಗದಲ್ಲಿ ಕೂತಿದೆ ಅನ್ನುವುದು ಮಾತ್ರ ಕಟ್ಟುಕತೆ. 2013ರಲ್ಲಿ ಅಮೆರಿಕದ ಯೂಟಾ ವಿಶ್ವವಿದ್ಯಾಲಯದವರು 7ರಿಂದ 29 ವರ್ಷದ 1,011 ಜನರ ಮೆದುಳಿನ ಸ್ಕ್ಯಾನ್ ಪರೀಕ್ಷಿಸಿದರು. ಕೆಲವು ಕೆಲಸಕ್ಕೆ ಒಂದು ಬದಿ ಹೆಚ್ಚು ದುಡಿಯುತ್ತದೆ, ನಿಜ. ಆದರೆ ಒಟ್ಟಾರೆ ಎಡಬದಿಯೇ ಜೋರಾಗಿರುವ ಜನ, ಬಲಬದಿಯೇ ಜೋರಾಗಿರುವ ಜನ ಅಂತ ಎರಡು ಗುಂಪು ಸಿಗಲೇ ಇಲ್ಲ. ಇನ್ನು ಬೆರಳಿನ ಗೆರೆ! ಅದು ಹುಟ್ಟುವ ಮೊದಲೇ ತಾಯಿಯ ಹೊಟ್ಟೆಯಲ್ಲಿ ಮೂಡಿಬಿಟ್ಟಿರುತ್ತದೆ. ಅದನ್ನು ನೋಡಿ ಬುದ್ಧಿ ಅಳೆಯುವುದಕ್ಕೆ ಯಾವ ವೈಜ್ಞಾನಿಕ ಆಧಾರವೂ ಇಲ್ಲ ಅಂತ ನಮ್ಮ ದೇಶದ ಮನೋವೈದ್ಯರ ಸಂಘವೇ ಹೇಳಿದೆ.

ಹಾಗಾದರೆ ಈ ಮಾತು ಹುಟ್ಟಿದ್ದೆಲ್ಲಿ ಅಂತೀರಾ? ಪೂರ್ತಿ ಗಾಳಿಯಲ್ಲೇನೂ ಹುಟ್ಟಲಿಲ್ಲ. 1861ರಲ್ಲಿ ಪ್ಯಾರಿಸ್ಸಿನ ವೈದ್ಯ ಬ್ರೋಕಾ ಹತ್ತಿರ ಒಬ್ಬ ರೋಗಿ ಬಂದ. ಏನು ಕೇಳಿದರೂ ಅವನ ಬಾಯಲ್ಲಿ ‘ಟ್ಯಾನ್’ ಅನ್ನುವ ಸದ್ದು ಬಿಟ್ಟರೆ ಹೆಚ್ಚೇನೂ ಬರುತ್ತಿರಲಿಲ್ಲ. ಅವನು ಸತ್ತ ಮೇಲೆ ನೋಡಿದರೆ ಮೆದುಳಿನ ಎಡಬದಿಯ ಮುಂಭಾಗ ಹಾಳಾಗಿತ್ತು. ಮಾತು ಬಹುಪಾಲು ಎಡಗಡೆಯ ಕೆಲಸ ಅನ್ನುವುದು ಅಲ್ಲಿಂದ ಶುರು. ಆಮೇಲೆ 1960ರ ದಶಕದಲ್ಲಿ, ಯಾವ ಔಷಧಿಗೂ ಬಗ್ಗದ ಮೂರ್ಛೆರೋಗ ತಡೆಯಲು ಲಾಸ್ ಏಂಜಲೀಸ್‌ನಲ್ಲಿ ಕೆಲವರಿಗೆ ಎರಡೂ ಭಾಗಗಳ ನಡುವಿನ ಸೇತುವೆಯನ್ನೇ, ಅಂದರೆ ಸುಮಾರು 20 ಕೋಟಿ ನರತಂತುಗಳ ಕಟ್ಟನ್ನು, ಕತ್ತರಿಸಿದರು. ಅವರನ್ನು ಪರೀಕ್ಷಿಸಿದ ರೋಜರ್ ಸ್ಪೆರಿಗೆ 1981ರಲ್ಲಿ ನೊಬೆಲ್ ಬಂತು. ಸೇತುವೆ ಕಡಿದುಹೋದ ಬೆರಳೆಣಿಕೆಯ ರೋಗಿಗಳ ವಿಷಯವನ್ನು, ಸೇತುವೆ ಗಟ್ಟಿಯಾಗೇ ಇರುವ ನಮ್ಮ ನಿಮ್ಮ ಮಕ್ಕಳ ತಲೆಗೆ ಕಟ್ಟಿದ್ದು ಆಮೇಲಿನವರು.

ಸ್ಪೆರಿಯ ಶಿಷ್ಯ ಗಝಾನಿಗಾ ಮಾಡಿದ ಒಂದು ಪ್ರಯೋಗ ಕೇಳಿ, ಮಜವಾಗಿದೆ. ಇಂಥದೇ ಆಪರೇಷನ್ ಆದ ಒಬ್ಬ ಹುಡುಗನ ಎಡ ಮೆದುಳಿಗೆ ಮಾತ್ರ ಕಾಣುವಂತೆ ಕೋಳಿ ಕಾಲಿನ ಚಿತ್ರ, ಬಲ ಮೆದುಳಿಗೆ ಮಾತ್ರ ಕಾಣುವಂತೆ ಹಿಮ ಬಿದ್ದ ಮನೆಯ ಚಿತ್ರ ತೋರಿಸಿದರು. ಮುಂದೆ ಇಟ್ಟ ಚಿತ್ರಗಳಲ್ಲಿ ಹೊಂದುವುದನ್ನು ಆರಿಸು ಅಂದರು. ಬಲಗೈಯನ್ನು ನಡೆಸುವುದು ಎಡ ಮೆದುಳು, ಅದು ಕೋಳಿ ಆರಿಸಿತು; ಎಡಗೈಯನ್ನು ನಡೆಸುವುದು ಬಲ ಮೆದುಳು, ಅದು ಹಿಮ ಎತ್ತುವ ಸಲಿಕೆ ಆರಿಸಿತು. ಸಲಿಕೆ ಯಾಕಪ್ಪಾ ಅಂತ ಕೇಳಿದರು. ಉತ್ತರ ಹೇಳಬೇಕಾದದ್ದು ಎಡ ಮೆದುಳು, ಅದು ಹಿಮವನ್ನು ನೋಡೇ ಇಲ್ಲ. ‘ಗೊತ್ತಿಲ್ಲ’ ಅನ್ನಲಿಲ್ಲ ಅದು. ಕೋಳಿಗೂಡು ಕ್ಲೀನ್ ಮಾಡಲು ಸಲಿಕೆ ಬೇಕಲ್ಲ ಅಂತ ಥಟ್ಟನೆ ಹೇಳಿಬಿಟ್ಟಿತು! ಕಲ್ಪನೆ ಕಡಿಮೆ ಅಂತ ರಿಪೋರ್ಟಿನಲ್ಲಿ ಬರೆದಿರುವುದು ಇದೇ ಎಡಭಾಗದ ಬಗ್ಗೆ.

ಮೃದಂಗಕ್ಕೆ ಬರೋಣ. ಸೆಂಟರಿನವರು ಯಾರೂ ಮಿಶ್ರಛಾಪು ತಾಳ ಹಾಕಿ ನೋಡಿದವರಲ್ಲ ಅನ್ನಿಸುತ್ತದೆ. ತಕಿಟ ತಕಧಿಮಿ, ಮೂರು ಮತ್ತು ನಾಲ್ಕು, ಒಟ್ಟು ಏಳಕ್ಷರ. ಅದರಲ್ಲಿ ಒಂದು ಮುಕ್ತಾಯವನ್ನು ಮೂರು ಸಲ ನುಡಿಸಿ ಸರಿಯಾಗಿ ಎಡುಪಿಗೆ, ಅಂದರೆ ತಾಳದಲ್ಲಿ ಹಾಡು ಶುರುವಾಗುವ ಜಾಗಕ್ಕೆ, ಬಂದು ಬೀಳಬೇಕು ಅಂದರೆ ತಲೆಯೊಳಗೆ ಭಾಗಾಕಾರ ನಡೆಯುತ್ತಲೇ ಇರಬೇಕು. ಕೈ ನಯವಾಗಿ ಓಡಬೇಕು, ಹಾಡುವವರ ಮೇಲೂ ಕಿವಿ ಇರಬೇಕು. ಇದನ್ನು ಎಡಕ್ಕೆ ಹಾಕುತ್ತೀರೋ ಬಲಕ್ಕೋ? 1974ರಲ್ಲೇ ಬೆವರ್ ಮತ್ತು ಕಿಯರೆಲ್ಲೊ ಅನ್ನುವ ಇಬ್ಬರು ತೋರಿಸಿದ್ದರು: ಸಂಗೀತ ಕಲಿಯದವರು ಎಡಗಿವಿಗೆ ಕೇಳಿಸಿದ ರಾಗವನ್ನು ಚೆನ್ನಾಗಿ ಗುರುತಿಸಿದರೆ, ಕಲಿತವರು ಬಲಗಿವಿಗೆ ಕೇಳಿಸಿದ್ದನ್ನು ಚೆನ್ನಾಗಿ ಗುರುತಿಸಿದರು, ಬಲಗಿವಿಯ ಸದ್ದು ಹೆಚ್ಚಾಗಿ ಹೋಗುವುದು ಎಡಕ್ಕೆ, ಅಂದರೆ ಎಡ ಮೆದುಳು ಹೆಚ್ಚು ದುಡಿಯಿತು. ಅಭ್ಯಾಸದಿಂದ ಕೆಲಸದ ಹಂಚಿಕೆಯೇ ಬದಲಾಗಬಹುದು. ಲೆಕ್ಕ ಇಷ್ಟಪಡುವ ಹುಡುಗ ಮೃದಂಗಕ್ಕೆ ಒಗ್ಗಿಕೊಂಡಿದ್ದರೆ ಅದರಲ್ಲಿ ಆಶ್ಚರ್ಯವೇನಿದೆ? ಪಿಯುಸಿಗೆ ಯಾವ ಕಾಂಬಿನೇಷನ್ ಅನ್ನುವುದನ್ನು ಎಸ್‌ಎಸ್‌ಎಲ್‌ಸಿ ಮುಗಿದ ಮೇಲೆ ಅವನನ್ನೇ ಕೇಳಿ. ಸೆಂಟರಿನವರು ಹೇಳುತ್ತಿರುವ ‘ಎರಡನೇ ಹಂತದ ಪ್ಯಾಕೇಜಿ’ಗೆ ಸುಮ್ನೆ ದುಡ್ಡು ಸುರಿಯಬೇಡಿ. ಅದರಲ್ಲಿ ಒಂದು ಒಳ್ಳೆ ಮೃದಂಗವೇ ಬಂದೀತು.

ಕೊನೆಗೆ, ನಿಮ್ಮ ಯಜಮಾನರು ಎಡಚರು, ಹಾಗಾಗಿ ಬಲ ಮೆದುಳಿನವರು, ಅದಕ್ಕೇ ಮನೆ ಖರ್ಚಿನ ಲೆಕ್ಕ ಇಡುವುದಿಲ್ಲವಾ ಅಂತ ಕೇಳಿದ್ದೀರಲ್ಲ. ಎಡಗೈಯವರಲ್ಲೂ ನೂರಕ್ಕೆ ಸುಮಾರು 70 ಜನರಿಗೆ ಮಾತು ಎಡ ಮೆದುಳಿನಲ್ಲೇ ಇರುತ್ತದೆ. ಲೆಕ್ಕ ತಪ್ಪಿಸಿಕೊಳ್ಳಲು ಅವರು ಬೇರೆ ನೆಪ ಹುಡುಕಬೇಕು.

– ಸಂ.